ಕಲ್ಲಿನ ಡೋಣಿಯಲ್ಲಿ ಕಪ್ಪೆಮರಿಗಳು

ತಮ್ಮ ಬಸವರಾಜ, ತಂಗಿಯರಾದ ಶಾಂತಾ, ಗಿರಿಜಾ, ಎಲ್ಲರೂ ಆರಾಮವೇ? ಶಾಂತಾಳ ಮೊಣಕಾಲು ನೋವು ಕಡಿಮೆಯಾಯಿತೇ? ನೀವು ರಾಯಚೂರಿನಿಂದ ಕಳಿಸಿದ ಚಿತ್ರದ ಪುಸ್ತಕ ಇವತ್ತು ಅರಕೇರಾದ ನಮ್ಮ ಮನೆಯಲ್ಲಿ ಜಗಳ ಹಚ್ಚಿತು.

ಎತ್ತು ನೀರು ಕುಡಿಯುವ ಕಲ್ಲಿನ ಡೋಣಿಯಲ್ಲಿ ಬಾಲವಿರುವ ಕಪ್ಪು ಮರಿಗಳು ತುಂಬಿದ್ದವು. ಹುಳುಗಳೆಂದು ತಿಳಿದು ನಿಮ್ಮತ್ತಿಗೆ ನೀಲವ್ವ ಕಸಬರಿಗೆ ಹಿಡಿದು ತೊಳೆಯಲು ಹೋದಳು. ಇನ್ನೂ ಶಾಲೆಗೆ ಹೋಗದ ಮೊಮ್ಮಗಳು ಸಾವಿತ್ರಿ ಪುಸ್ತಕ ತಂದು ಅಡ್ಡ ನಿಂತಳು.

"ಚೆಲ್ಲಬ್ಯಾಡ ಯವ್ವಾ! ಇವು ಕಪ್ಪಿ ಮರಿ. ಇಲ್ಲಿ ನೋಡು, ಮೊದಲು ಬಾಲ, ಆಮ್ಯಾಲ ಕಾಲು."

"ಕಪ್ಪಿಗೆ ಬಾಲ ಎಲ್ಲಿ ಅದ ಬೇ? ಎತ್ತು ಎಲ್ಲಿ ನೀರು ಕುಡೀಬೇಕು?"

"ಮಳಿ ಬರಲಿ ಅಂತ ಕಪ್ಪಿ ಮದುವಿ ಮಾಡಿದಾಕಿ ನೀನ. ಈಗ ಅವುಗಳ ಮಕ್ಕಳನ್ನ ಚೆಲ್ಲಾಕತ್ತೀ!"

ಆ ಮದುವೆಯಲ್ಲಿ ಹೆಣ್ಣುಕಪ್ಪೆಯ ತಾಯಿಯಾಗಿ ಕೂತವಳು ನೀಲವ್ವನೇ. ಚಿತ್ರವನ್ನೂ ಡೋಣಿಯನ್ನೂ ಬಹಳ ಹೊತ್ತು ನೋಡಿ ಕಸಬರಿಗೆ ಕೆಳಗಿಟ್ಟಳು.

"ಹಂಗಾದ್ರ ಇವು ನನಗ ಮೊಮ್ಮಕ್ಕಳಾಗಬೇಕು" ಎಂದು ಎತ್ತಿಗೆ ಬಕೆಟ್ಟಿನಲ್ಲಿ ನೀರಿಟ್ಟಳು.

ಕಾಲು ಮೂಡಿದವೇನೋ ಎಂದು ನೀಲವ್ವ ಸಂಜೆಯಿಂದ ಡೋಣಿಗೆ ಇಣುಕುತ್ತಲೇ ಇದ್ದಾಳೆ. ಬೇಗ ಪತ್ರ ಬರೆಯಿರಿ, ಇಲ್ಲವಾದರೆ ಹೆಸರಿಡುವ ಶಾಸ್ತ್ರ ನಿಮ್ಮನ್ನು ಬಿಟ್ಟೇ ನಡೆದುಹೋದೀತು.