ಕಮಿಟಿಯ ಮುಂದೆ ನನ್ನ ಗಂಡನ ಕಾಲು

ನನ್ನ ಗಂಡನ ನರಗಳ ಕಾಯಿಲೆಗೆ ಗಾಂಜಾದಿಂದ ಮಾಡಿದ ಗುಳಿಗೆ ಹೊಂದಬಹುದು ಎಂದು ಡಾಕ್ಟರು ಸರ್ಟಿಫಿಕೇಟ್ ಬರೆದುಕೊಟ್ಟ ದಿನ, ನಾವಿಬ್ಬರೂ ಕಾರಿನಲ್ಲಿ ಕೂತು ಅದನ್ನು ಮತ್ತೆ ಮತ್ತೆ ಓದಿದೆವು. ಮೈಸೂರಿನಲ್ಲಿ ಬೆಳೆದ ನಮಗೆ ಆ ಹೆಸರು ಗೊತ್ತಿದ್ದದ್ದು ಬೈರಾಗಿಗಳಿಂದ, ಇಲ್ಲವೇ ಪೇಪರಿನ ಪೊಲೀಸ್ ಸುದ್ದಿಯಿಂದ. ಆದರೆ ಸಂಜೆಯಾದರೆ ಅವರ ಬಲಗಾಲು ಹುರಿಹಾಕಿದ ಹಗ್ಗದಂತೆ ಬಿಗಿದುಕೊಂಡು ತಾನಾಗಿ ಒದೆಯುತ್ತಿತ್ತು. ಬೇರೆ ಮಾತ್ರೆಗಳು ಅವರನ್ನು ಮಂಕು ಮಾಡಿಬಿಟ್ಟಿದ್ದವು. ಗುಳಿಗೆ ಶುರುಮಾಡಿದ ವಾರ ಅವರು ಮೇಜಿನ ಮುಂದೆ ನೆಟ್ಟಗೆ ಕೂತು ಉಂಡು, ಹುಳಿ ಎರಡನೇ ಸಲ ಹಾಕಿಸಿಕೊಂಡರು.

ತೊಂದರೆಯಿದ್ದದ್ದು ಅದನ್ನು ತರುವುದರಲ್ಲಿ. ಅಮೆರಿಕದ ಅರೋರಾ ಊರಿನ ನಮ್ಮ ಬಡಾವಣೆಯ ಪಕ್ಕದಲ್ಲೇ ಲೈಸೆನ್ಸಿರುವ ಒಂದು ಗಾಂಜಾ ಅಂಗಡಿಯಿತ್ತು. ಅದು ಮೋಜಿಗೆ ಕೊಳ್ಳುವವರದು. ಡಾಕ್ಟರ ಸರ್ಟಿಫಿಕೇಟ್ ತೋರಿಸಿ ಸರ್ಕಾರದಿಂದ ಪಡೆದ ರೋಗಿಯ ಕಾರ್ಡು ಅಲ್ಲಿ ನಡೆಯುತ್ತಿರಲಿಲ್ಲ, ಅವರಿಗೆ ಒಗ್ಗುವ ಗುಳಿಗೆಯೂ ಸಿಗುತ್ತಿರಲಿಲ್ಲ. ಕಾರ್ಡು ನಡೆಯುವ ಅಂಗಡಿಗೆ ಹೈವೇ ಹಿಡಿದು ಹೋಗಬೇಕು. ಹಿಮ ಬಿದ್ದು ನನಗೆ ಡ್ರೈವ್ ಮಾಡಲಾಗದ ದಿನಗಳಲ್ಲಿ ಅವರು ಹಲ್ಲುಕಚ್ಚಿ ಕೂತಿರುತ್ತಿದ್ದರು.

ಆ ದೂರದ ಅಂಗಡಿಯ ಸಾಲಿನಲ್ಲಿ ನನಗೊಬ್ಬರು ನಿವೃತ್ತ ಟೀಚರ್ ಪರಿಚಯವಾದರು. ಕ್ಯಾನ್ಸರಿನಿಂದ ಚೇತರಿಸಿಕೊಳ್ಳುತ್ತಿದ್ದ ಅಮೆರಿಕನ್ ಹೆಂಗಸು. ರೋಗಿಗಳು ಯಾವ ಅಂಗಡಿಯಲ್ಲಾದರೂ ಕೊಳ್ಳುವಂತೆ ರಾಜ್ಯದ ಕಾನೂನು ಬದಲಿಸುವ ಬಿಲ್ಲು ಪಾಸಾಗಲಿ ಎಂದು ಅವರು ಓಡಾಡುತ್ತಿದ್ದರು. ರಾಜ್ಯದ ರಾಜಧಾನಿ ಸ್ಪ್ರಿಂಗ್‌ಫೀಲ್ಡಿನಲ್ಲಿ ಶಾಸಕರ ಕಮಿಟಿಯ ಮುಂದೆ ಮಾತಾಡುತ್ತೀಯಾ ಎಂದು ಕೇಳಿದರು. ಹೂಂ ಅಂದು ಮನೆಗೆ ಬಂದೆ.

"ನಂಗೆ ಗುಳಿಗೆ ತಂದ್ಕೊಟ್ರೆ ಸಾಕು, ಊರಿಗೆಲ್ಲ ಡಂಗುರ ಸಾರ್ಬೇಡ," ಅಂದರು ನನ್ನ ಗಂಡ. "ಟೆಂಪಲ್‌ನಲ್ಲಿ ಯಾರಿಗೆ ಮುಖ ತೋರಿಸ್ಲಿ?"

ಅಳುಕು ನನಗೂ ಇತ್ತು. ಆದರೆ ವೀಸಾದ ಮೇಲಿರುವ ನಮ್ಮವರು ಅದು ರದ್ದಾದೀತೆಂಬ ಭಯಕ್ಕೆ ಈ ವಿಷಯದ ಹತ್ತಿರವೂ ಸುಳಿಯಲಾರರು, ನಾವು ಸಿಟಿಜನ್‌ಗಳು, ನಾವೂ ಬಾಯಿ ಬಿಡದಿದ್ದರೆ ಹೇಗೆ ಎಂದೆ. ಹೊರಡುವ ಬೆಳಿಗ್ಗೆ ನೋಡಿದರೆ ಅವರು ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಅಷ್ಟು ದೂರ ಒಬ್ಬಳೇ ಹೋಗುವುದು ಬೇಡ, ಆದರೆ ತಾನು ಮಾತಾಡುವುದಿಲ್ಲ ಅಂದರು.

ಬರೆದುಕೊಂಡು ಹೋದದ್ದನ್ನು ನಾನು ಓದಿದೆ. ವಯಸ್ಸಾದ ಶಾಸಕರೊಬ್ಬರು, ಒಂದಿಷ್ಟು ದೂರ ಡ್ರೈವ್ ಮಾಡುವುದು ಅಷ್ಟು ಕಷ್ಟವೇ ಎಂದು ಸಭ್ಯವಾಗಿಯೇ ಕೇಳಿದರು. ನಾನು ಕೈಯಲ್ಲಿದ್ದ ಹಾಳೆಯಲ್ಲಿ ಉತ್ತರ ಹುಡುಕತೊಡಗಿದೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ನನ್ನ ಗಂಡನ ಕಾಲು ಒದೆಯತೊಡಗಿತು. ಮೇಜು ಅಲುಗಿ ಮೈಕು ಗಡಗಡ ಸದ್ದು ಮಾಡಿತು. ಮನೆಯಲ್ಲಾದರೆ ಅವರು ಶಾಲು ಹೊದ್ದು ಮರೆಮಾಡುತ್ತಿದ್ದರು. ಇಲ್ಲೂ ಎರಡು ಕೈಯಲ್ಲಿ ತೊಡೆ ಅದುಮಿ ಹಿಡಿದರು. ಆಮೇಲೆ ಕೈ ತೆಗೆದುಬಿಟ್ಟರು.

"ಇದೇ ಸರ್ ಕಷ್ಟ," ಎಂದು ಇಂಗ್ಲಿಷಿನಲ್ಲಿ ಹೇಳಿದರು. "ಇದು ನಿಲ್ಲೋವರೆಗೆ ಕಾಯಬೇಕು. ದಯವಿಟ್ಟು ನೀವೂ ಕಾಯಿರಿ."

ಎಲ್ಲರೂ ಕಾದರು. ಕಾಲು ನಿಂತ ಮೇಲೆ ಅವರು, ತಾನು ಹಿಂದೆ ಬೇರೆ ರಾಜ್ಯದ ಸೌತ್‌ಫೀಲ್ಡಿನಲ್ಲಿ ವರ್ಷಗಟ್ಟಲೆ ಕಾರುಗಳ ಬ್ರೇಕ್ ಡಿಸೈನ್ ಮಾಡಿದವನು, ತನ್ನ ಕಾಲಿನ ಬ್ರೇಕು ಮಾತ್ರ ಆ ದೂರದ ಅಂಗಡಿಯಲ್ಲಿದೆ ಅಂದರು. ಆ ಶಾಸಕರೇ ಮೊದಲು ನಕ್ಕರು. ವೋಟು ನಡೆದಾಗ ಅವರೂ ಬಿಲ್ಲಿನ ಪರವಾಗಿ ಕೈಯೆತ್ತಿದರು. ಬಿಲ್ಲು ಕಮಿಟಿ ದಾಟಿತು.

ಹಿಂದಿರುಗುವಾಗ ರೆಸ್ಟ್ ಏರಿಯಾದಲ್ಲಿ ಚಿತ್ರಾನ್ನದ ಡಬ್ಬಿ ಬಿಚ್ಚಿದೆ. ಅವರು ಊಟಕ್ಕೆ ಮುಂಚೆ ಟೆಂಪಲ್ಲಿನಲ್ಲಿ ಶನಿವಾರದ ಭಜನೆ ನಡೆಸುವ, ಹತ್ತಿರದ ಲೊಂಬಾರ್ಡಿನ ಗೆಳೆಯನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದರು. ಗಾಂಜಾ ಅನ್ನುವ ಪದವನ್ನೂ ನುಂಗಲಿಲ್ಲ. ಫೋನು ಸ್ಪೀಕರಿನಲ್ಲಿತ್ತು. ಡಬ್ಬಿ ಹಿಡಿದೇ ನಾನು ಕಿವಿಗೊಟ್ಟೆ.

"ಅಲ್ಲಯ್ಯಾ, ಅಷ್ಟು ದೂರ ನಿಮ್ಮನೆಯವರೊಬ್ಬರೇ ಡ್ರೈವ್ ಮಾಡಿದ್ರಾ?" ಅಂದರು ಗೆಳೆಯ. "ಮುಂದಿನ್ ಸಲ ನಂಗೆ ಹೇಳು, ವ್ಯಾನ್ ತರ್ತೀನಿ."

ಬಿಲ್ಲು ಇನ್ನೂ ಕಾನೂನಾಗಿಲ್ಲ; ಕೆಳಮನೆ ದಾಟಿ ಈಗ ಮೇಲ್ಮನೆಯಲ್ಲಿದೆ. ಹೋದ ತಿಂಗಳು ಅಲ್ಲಿನ ಶಾಸಕರನ್ನು ಕಾಣಲು ಹೋದಾಗ ವ್ಯಾನಿನಲ್ಲಿ ಟೀಚರೂ ಇದ್ದರು. ಗೆಳೆಯ ಡ್ರೈವ್ ಮಾಡಿದರು. ನನ್ನ ಗಂಡ ಮುಂದಿನ ಸೀಟಿನಲ್ಲಿ ಕಾಲು ಚಾಚಿ ಕೂತು ದಾರಿಯುದ್ದಕ್ಕೂ ಹರಟಿದರು.