ಬರ್ಲ್ ಕೆಚಮ್ ಪಿಸ್ತೂಲು ಬಿಟ್ಟು ರಿವಾಲ್ವರ್ ಹಿಡಿದದ್ದು

ಓಕ್ಲಹೋಮಾದ ಆ ಮೂಲೆಯಲ್ಲಿ ಹಿಮಗಾಳಿ ಬೀಸಿ ತಂತಿ ಹರಿದು ಊರೆಲ್ಲ ಕತ್ತಲಾದರೆ ಜನ ಮೊದಲು ದೇವರನ್ನು ನೆನೆಯುತ್ತಿದ್ದರು, ಆಮೇಲೆ ಬರ್ಲ್ ಕೆಚಮ್‌ನನ್ನು. ಬರ್ಲ್ ಲೈನ್‌ಮನ್ ಆಗಿದ್ದವನು. ಆಯುಷ್ಯದ ಬಹುಪಾಲನ್ನು ಕಂಬದ ಮೇಲೆಯೇ ಕಳೆದಿದ್ದ. ನಿವೃತ್ತನಾದ ಮೇಲೆ ಅವನಿಗೆ ಉಳಿದಿದ್ದ ಹೊಣೆ ಒಂದೇ, ಭಾನುವಾರ ಬ್ಯಾಪ್ಟಿಸ್ಟ್ ಚರ್ಚಿನ ಬಾಗಿಲು ಕಾಯುವುದು. ಬೇರೆ ಊರಿನ ಚರ್ಚುಗಳಲ್ಲಿ ಗುಂಡು ಹಾರಿದ ಸುದ್ದಿ ಬಂದಮೇಲೆ ಸಭೆಯವರು ತಮ್ಮಲ್ಲೇ ಕೆಲವರನ್ನು ಕಾವಲಿಗೆ ಆರಿಸಿದ್ದರು. ಅವರ ಕೋಟಿನೊಳಗೆ ಪಿಸ್ತೂಲಿದೆಯೆಂದು ಎಲ್ಲರಿಗೂ ಗೊತ್ತಿರಬೇಕು, ಆದರೆ ಯಾರ ಕಣ್ಣಿಗೂ ಬೀಳಬಾರದು.

ಏಪ್ರಿಲ್‌ನಲ್ಲಿ ಟೊಮೆಟೊ ಸಸಿ ನೆಡುತ್ತಿದ್ದಾಗ ಬರ್ಲ್‌ಗೆ ಪಾರ್ಶ್ವವಾಯು ಬಡಿಯಿತು. ಮಾತು ಮರಳಿತು, ನಡಿಗೆಯೂ ಬಂತು. ಎಡಗೈ ಮಾತ್ರ ಅರ್ಧ ದಾರಿಯಲ್ಲೇ ನಿಂತುಬಿಟ್ಟಿತು. ಕಾಫಿ ಲೋಟವನ್ನು ಎತ್ತುತ್ತಿತ್ತು, ಅಂಗಿಯ ಗುಂಡಿ ಹಾಕಲು ಒಪ್ಪುತ್ತಿರಲಿಲ್ಲ. ಹೆಂಡತಿ ವೆಲ್ಡಾ ಹಾಕಿಕೊಡಲು ಬಂದರೆ ಅವನು ಬೆನ್ನು ತಿರುಗಿಸಿ ತಾನೇ ಗುದ್ದಾಡುತ್ತಿದ್ದ.

ಕಾವಲಿನವರಿಗೆ ಪ್ರತಿ ಅಕ್ಟೋಬರಿನಲ್ಲೂ ಗುರಿ ಪರೀಕ್ಷೆ ಇರುತ್ತಿತ್ತು. ಸೋತವರು ಆಯುಧ ಹೊರುವಂತಿಲ್ಲ. ಪರೀಕ್ಷೆ ನಡೆಸುವವಳು ಕಾವಲಿನ ಮುಖ್ಯಸ್ಥೆ ಟ್ವೈಲಾ ಓಕ್ಸ್, ಹಿಂದೆ ಪೊಲೀಸ್ ಆಗಿದ್ದವಳು. ಅವಳಿಗೆ ಯಾರ ಮುಲಾಜೂ ಇರಲಿಲ್ಲ.

ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಬರ್ಲ್ ಖಾಲಿ ಪಿಸ್ತೂಲನ್ನು ಹಿಡಿದು ಶೆಡ್ಡಿಗೆ ಹೋದ. ಒಂದು ಕೈಯಲ್ಲಿ ಪಿಸ್ತೂಲು ಹಿಡಿದು, ಅದರ ಮೇಲೆ ಹಿಂದೆ ಮುಂದೆ ಸರಿಯುವ ಸ್ಲೈಡನ್ನು ಇನ್ನೊಂದು ಕೈಯಲ್ಲಿ ಹಿಂದಕ್ಕೆಳೆದು ಬಿಟ್ಟರೆ ಮಾತ್ರ ಮೊದಲ ಗುಂಡು ನಳಿಗೆಗೆ ಏರುತ್ತದೆ. ಎಡಗೈ ಅದನ್ನು ಹಿಡಿಯಿತು, ಜಾರಿತು. ಮತ್ತೆ ಹಿಡಿಯಿತು, ಮತ್ತೆ ಜಾರಿತು. ಸ್ಲೈಡನ್ನು ಬೆಲ್ಟಿಗೆ ಒತ್ತಿ ನೂಕಿ ನೋಡಿದ. ಬೂಟಿನ ಹಿಮ್ಮಡಿಗೆ ಸಿಕ್ಕಿಸಿ ನೂಕಿದ. ಕೊನೆಗೆ ಮೇಜಿನ ಅಂಚಿಗೆ ಒತ್ತಿ ತಿರುಚುವಾಗ ಪಿಸ್ತೂಲು ಹೊರಳಿ, ಬಾಗಿಲಲ್ಲಿ ನಿಂತಿದ್ದ ವೆಲ್ಡಾಳ ಕಡೆಗೆ ತಿರುಗಿತು.

"ಖಾಲಿ ಇದೆ ಕಣೇ," ಎಂದ.

"ಖಾಲಿ ಅಂತ ನಿಂಗೆ ಗೊತ್ತು. ನನ್ನ ಎದೆಗೆ ಗೊತ್ತಿಲ್ವಲ್ಲ," ಎಂದಳು ವೆಲ್ಡಾ.

ಆ ದಿನ ಬೇಯಿಸಿದ ಬೀನ್ಸ್ ಕಾಳೂ ಕರಿದ ಬೆಂಡೆಕಾಯಿಯೂ ತಟ್ಟೆಯಲ್ಲಿ ಹಾಗೇ ಆರಿಹೋದವು. ಕಾವಲು ಬಿಟ್ಟುಬಿಡು ಎಂದು ಅವಳು ಹೇಳಲಿಲ್ಲ. ಹೇಳಿದ್ದರೆ ಜಗಳವಾಡಿ ಹಗುರಾಗುತ್ತಿದ್ದ. ಮಾರನೆಯ ದಿನ ತಾನೇ ಟ್ವೈಲಾಳ ಮನೆಗೆ ಹೋದ.

ಟ್ವೈಲಾ ಅವನನ್ನು ಜಲ್ಲಿ ಗುಂಡಿಯ ಬಳಿಯ ಗುರಿ ಮೈದಾನಕ್ಕೆ ಕರೆದೊಯ್ದು, ಮುಂದೆ ಸ್ಲೈಡಿಲ್ಲದ, ಗುಂಡಿನ ಚಕ್ರ ತಿರುಗುವ ಎರಡು ರಿವಾಲ್ವರ್ ಇಟ್ಟಳು. ಬರ್ಲ್ ಮೂಗು ಮುರಿದ. ಅವನ ತಾತ ಹಾವು ಹೊಡೆಯಲು ಇಟ್ಟುಕೊಂಡಿದ್ದು ಇಂಥದ್ದೇ. ತನ್ನ ಪಿಸ್ತೂಲಿನಲ್ಲಿ ಹದಿನೈದು ಗುಂಡು, ಇದರಲ್ಲಿ ಐದೋ ಆರೋ. ಮುಗಿದ ಮೇಲೆ ಪ್ರಾರ್ಥನೆಯೊಂದೇ ಗತಿ ಎಂದ. ಮೊದಲ ಗುಂಡನ್ನು ಮನೆಯಲ್ಲೇ ವೆಲ್ಡಾ ಏರಿಸಿಕೊಟ್ಟರೆ ಆಯಿತಲ್ಲ ಎಂದೂ ವಾದಿಸಿದ.

"ಏರಿಸಿಕೊಡ್ತಾರೆ, ಸರಿ. ಗುಂಡು ಮಧ್ಯದಲ್ಲಿ ಸಿಕ್ಕಿಕೊಂಡ್ರೆ ಮತ್ತೆ ಸ್ಲೈಡ್ ಎಳೆಯೋರು ಯಾರು? ವೆಲ್ಡಾ ಆಗ ಹಾಡೋರ ಸಾಲಲ್ಲಿ ನಿಂತಿರ್ತಾರೆ," ಎಂದಳು ಟ್ವೈಲಾ. "ಈ ರಿವಾಲ್ವರ್ ಕೈಕೊಟ್ರೆ ಮತ್ತೊಂದ್ಸಲ ಟ್ರಿಗರ್ ಒತ್ತಿದ್ರೆ ಸಾಕು, ಮುಂದಿನ ಗುಂಡು ತಾನೇ ತಿರುಗಿ ಬರುತ್ತೆ. ಒಂದೇ ಕೈ ಸಾಕು, ಬ್ರದರ್ ಬರ್ಲ್. ನಿಮಗಿರೋದೂ ಒಂದೇ."

ಅಷ್ಟು ದಿನ ಯಾರೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಬರ್ಲ್ ರಿವಾಲ್ವರಿಗೆ ಬಲಗೈ ಚಾಚಿದ.

ಮೊದಲು ಹಿಡಿದದ್ದು ಜೇಬಿನಲ್ಲಿ ಅಡಗುವ ಹಗುರವಾದದ್ದು. ಅದು ಹೇಸರಗತ್ತೆಯ ಹಾಗೆ ಒದ್ದು, ಗುಂಡುಗಳೆಲ್ಲ ಗುರಿಗೆ ಅಂಟಿಸಿದ ಕಾಗದದ ಆಚೆ ಹೋದವು. ಬಚ್ಚಿಡಲು ಸುಲಭವಾದದ್ದು ಹೊಡೆಯಲು ಕಷ್ಟ ಎಂದು ಟ್ವೈಲಾ ನಕ್ಕಳು. ಇನ್ನೊಂದು ಉಕ್ಕಿನದು, ತೂಕದ್ದು; ಸೊಂಟದಲ್ಲಿಟ್ಟರೆ ಕೋಟು ಉಬ್ಬುತ್ತಿತ್ತು. ಆದರೆ ಅವನ ಅಂಗೈಯಲ್ಲಿ ಅಲುಗದೆ ಕೂತಿತು. ಅದರ ಟ್ರಿಗರ್ ಮಾತ್ರ ಉದ್ದಕ್ಕೆ, ಬಿಗಿಯಾಗಿ ಎಳೆಸಿಕೊಳ್ಳುತ್ತಿತ್ತು; ಕೊನೆಯ ಕ್ಷಣದಲ್ಲಿ ಗುರಿ ಕದಲುತ್ತಿತ್ತು. ಅದಕ್ಕೆ ಅಭ್ಯಾಸವೊಂದೇ ಮದ್ದು.

ಅಭ್ಯಾಸ ಮಾಡಿದ. ದಿನವೂ ಬೆಳಿಗ್ಗೆ ಕಾಫಿಗೆ ಮುಂಚೆ ಖಾಲಿ ರಿವಾಲ್ವರ್ ಹಿಡಿದು, ಶೆಡ್ಡಿನ ಗೋಡೆಗೆ ಮುಖಮಾಡಿ, ಟ್ರಿಗರ್ ಎಳೆಯುತ್ತಿದ್ದ. ಬೆರಳಿಗೆ ಬೊಬ್ಬೆ ಬಂದು, ಒಡೆದು, ಚರ್ಮ ಗಟ್ಟಿಯಾಯಿತು. ಕಂಬ ಹತ್ತಲು ಕಲಿತಾಗಲೂ ಹೀಗೇ ಆಗಿತ್ತು ಎಂದು ವೆಲ್ಡಾಗೆ ಹೇಳಿದ. ಅವಳು ಅವನ ಕೋಟಿನ ಒಳಪದರವನ್ನು ಬಿಚ್ಚಿ, ಉಬ್ಬು ಕಾಣದಂತೆ ಸಡಿಲಿಸಿ ಹೊಲಿದಳು.

ಆದರೂ ಅಕ್ಟೋಬರಿನಲ್ಲಿ ಸೋತ. ಎರಡು ಗುಂಡು ಗುರಿ ಕಾಗದದ ಗೆರೆಯಾಚೆ ಬಿದ್ದಿದ್ದವು. ಎಷ್ಟೋ ವರ್ಷದ ಸೇವೆಯಲ್ಲವೇ, ಎರಡೇ ಗುಂಡಲ್ಲವೇ ಎಂದು ಉಳಿದವರು ಗೊಣಗಿದರು. ಚರ್ಚಿನಲ್ಲಿ ಆ ಎರಡು ಗುಂಡು ಹೋಗುವ ಕಡೆ ಮಕ್ಕಳು ಕೂತಿರುತ್ತಾರೆ ಎಂದು ಟ್ವೈಲಾ ಹೇಳಿದಾಗ, ಅವಳ ಮಾತೇ ಸರಿ ಎಂದು ಎಲ್ಲರಿಗಿಂತ ಮೊದಲು ಒಪ್ಪಿದವನು ಬರ್ಲ್.

ಆ ಚಳಿಗಾಲವಿಡೀ ಕಿತ್ತಳೆ ಬಣ್ಣದ ಅಂಗಿ ತೊಟ್ಟು, ಬರಿಗೈಯಲ್ಲಿ ಚರ್ಚಿನ ಮುಂದೆ ಕಾರು ನಿಲ್ಲಿಸುವ ಜಾಗ ತೋರಿಸಿದ. ಹಿಮಗಾಳಿಯ ರಾತ್ರಿಗಳಲ್ಲಿ ಅವನಿಂದ ಮತ್ತೆ ಬೆಳಕು ಕಂಡವರು ಅವನ ಸನ್ನೆಗೆ ತಿರುಗುವಾಗ ಕಣ್ಣು ತಪ್ಪಿಸುತ್ತಿದ್ದರು. ಅವನು ಮಾತ್ರ ಒಂದು ಭಾನುವಾರವೂ ತಪ್ಪಿಸಲಿಲ್ಲ, ಒಂದು ಬೆಳಗಿನ ಅಭ್ಯಾಸವನ್ನೂ ಬಿಡಲಿಲ್ಲ.

ಮಾರ್ಚಿನಲ್ಲಿ ಮತ್ತೆ ಪರೀಕ್ಷೆ ಕೇಳಿದ. ಗಾಳಿ ಜೋರಿತ್ತು. ಒಂದೊಂದೇ ಗುಂಡನ್ನು ಆತುರಪಡದೆ ಬಿಟ್ಟ. ಮುಗಿದ ಮೇಲೆ ಟ್ವೈಲಾ ಕಾಗದ ಕಿತ್ತು ತಂದು ಅವನ ಕೈಗಿತ್ತಳು. ಎಲ್ಲವೂ ಗೆರೆಯೊಳಗಿದ್ದವು.

"ಬಾಗಿಲು ನಿಮ್ಮದು," ಎಂದಳು. "ಒಂದು ಮಾತು ಮಾತ್ರ. ರಿವಾಲ್ವರ್ ತೆಗೆಯೋಕೆ ಬಲಗೈ ಯಾವಾಗ್ಲೂ ಖಾಲಿ ಇರಬೇಕು. ಬಾಗಿಲಲ್ಲಿ ಬರೋರ ಕೈ ಕುಲುಕೋದೆಲ್ಲ ಎಡಗೈಯಲ್ಲೇ."

ಬರ್ಲ್ ಅದನ್ನು ಯೋಚಿಸಿರಲಿಲ್ಲ. ಒಂದು ವರ್ಷದಿಂದ ಜೇಬಿನಲ್ಲಿ ಮರೆಸಿಟ್ಟ ಕೈ ಅದು. ಭಾನುವಾರ ಮೆಟ್ಟಿಲ ಮೇಲೆ ನಿಂತಾಗ ಮೊದಲು ಬಂದವಳು ಮುದುಕಿ ಓಪಲ್ ಸ್ಪರ್ಲಾಕ್, ಊರಿನ ಹಳೆಯ ಟೀಚರ್. ಬರ್ಲ್ ಎಡಗೈಯನ್ನು ಹೊರತೆಗೆದು ಚಾಚಿದ. ಬೆರಳು ಪೂರ್ತಿ ಬಿಚ್ಚಿಕೊಳ್ಳಲಿಲ್ಲ. ಅವಳು ಅದನ್ನು ಹಿಡಿದು ಅಳೆದು ನೋಡುವವಳಂತೆ ಒಮ್ಮೆ ಅದುಮಿದಳು.

"ಇನ್ನೂ ಗಟ್ಟಿಯಾಗಿ ಹಿಡಿ, ಬರ್ಲ್," ಎಂದಳು. "ನಾನೇನು ಮುರಿದು ಬೀಳಲ್ಲ."

ಬರ್ಲ್ ಗಟ್ಟಿಯಾಗಿ ಹಿಡಿಯಲು ನೋಡಿದ. ಅವಳ ಹಿಂದೆ ಕೈ ಕುಲುಕಲು ನಿಂತವರ ಉದ್ದ ಸಾಲು ಇನ್ನೂ ಇತ್ತು.