ಇಂಟರ್ವಲ್ ಇಲ್ಲದ ಸಿನಿಮಾಕ್ಕೆ ಕೊಟ್ಟ ಇಂಟರ್ವಲ್

ಕಳೆದ ವರ್ಷ ನವೆಂಬರಿನಲ್ಲಿ ನಾನು ಚನ್ನಗಿರಿಯಲ್ಲಿ ಸರ್ಕಾರಿ ಕಟ್ಟಡಗಳ ಎಂಜಿನಿಯರ್ ಆಗಿದ್ದೆ. ನಿವೃತ್ತಿಗೆ ಏಳು ತಿಂಗಳು ಬಾಕಿ ಇತ್ತು. ಇಲಾಖೆಯ ಹೆಸರು ಬೇಡ, ಟಾಕೀಸಿನ ಹೆಸರೂ ಬೇಡ. ತಪ್ಪು ನನ್ನದು, ಬೇರೆಯವರ ಹೆಸರು ಕೆಡುವುದು ನ್ಯಾಯವಲ್ಲ. ಮೂವತ್ತೆರಡು ವರ್ಷ ಶಾಲೆ, ಆಸ್ಪತ್ರೆ, ಸೇತುವೆ, ನೀರಿನ ಟ್ಯಾಂಕು ಎಲ್ಲವನ್ನೂ ನೋಡಿಕೊಂಡು ಬಂದವನು ನಾನು. ಹೊನ್ನಾಳಿಯಲ್ಲಿದ್ದಾಗ ಹೊಳೆ ತುಂಬಿ ಸೇತುವೆಗೆ ನೀರು ಮುಟ್ಟುವಂತಾದ ದಿನವೂ ಮನೆಗೆ ಬಂದು ನಿದ್ದೆ ಮಾಡಿದ್ದೇನೆ. ಆದರೆ ಆ ಭಾನುವಾರದ ಮ್ಯಾಟ್ನಿ ಷೋ ನೆನಪಾದರೆ ಇವತ್ತಿಗೂ ಅಂಗೈ ಬೆವರುತ್ತದೆ.

ಸಿನಿಮಾ ಟಾಕೀಸಿನವರು ಲೈಸೆನ್ಸ್ ನವೀಕರಣಕ್ಕೆ ಕಟ್ಟಡ ಗಟ್ಟಿಯಾಗಿದೆ ಎಂಬ ಸರ್ಟಿಫಿಕೇಟ್ ಕೊಡಬೇಕು. ಆ ವರ್ಷ ಜೂನ್‌ನಲ್ಲಿ ಅದಕ್ಕೆ ಸಹಿ ಹಾಕಿದವನು ನಾನೇ. ಹಳೆಯ ಟಾಕೀಸು, ಕೆಳಗೆ ನಾನೂರು ಸೀಟು, ಮೇಲೆ ಬಾಲ್ಕನಿಯಲ್ಲಿ ನೂರೈವತ್ತೆರಡು. ಬಾಲ್ಕನಿಯ ಮುಂಭಾಗ ಹದಿನಾಲ್ಕು ಅಡಿ ಕಂಬವಿಲ್ಲದೆ ಚಾಚಿಕೊಂಡಿದೆ. ಇದಕ್ಕೆ ನಾವು ಕ್ಯಾಂಟಿಲಿವರ್ ಅನ್ನುತ್ತೇವೆ. ತುಂಬಿದ ಕೊಡವನ್ನು ಕೈ ಮುಂದೆ ಚಾಚಿ ಹಿಡಿದ ಹಾಗೆ. ಭಾರವೆಲ್ಲ ಬೀಳುವುದು ಹೆಗಲಿನ ಮೇಲೆ. ಆ ಹೆಗಲು ಇರುವುದು ಹಿಂದಿನ ಸಾಲಿನ ಓಡಾಡುವ ದಾರಿಯ ಅಡಿಯಲ್ಲಿ. ದಾರಿಯ ಉದ್ದಕ್ಕೂ ನಾರಿನ ಮ್ಯಾಟ್ ಹಾಸಿದ್ದರು. ನಾನು ಆ ಮ್ಯಾಟನ್ನು ಎತ್ತಿಸಿ ನೋಡಬೇಕಿತ್ತು. ಬಿಸಿಲು ಜೋರಿತ್ತು, ಮಾಲೀಕ ಚನ್ನಬಸಪ್ಪ ಎಳನೀರು ತರಿಸಿದ್ದರು, ನಾನು ಖಾಲಿ ಬಾಲ್ಕನಿಯ ಸೀಟೊಂದರಲ್ಲಿ ಕೂತು ಎಳನೀರು ಕುಡಿದು ಸಹಿ ಹಾಕಿದೆ.

ನವೆಂಬರಿನಲ್ಲಿ ಆ ಟಾಕೀಸಿಗೆ ಒಂದು ಹೊಸ ಬಗೆಯ ಚಿತ್ರ ಬಂತು. ಕಥೆಯಿಲ್ಲ, ಫೈಟಿಲ್ಲ. ಹುಡುಗರು ಹುಚ್ಚೆದ್ದು ಕೇಳುವ ಒಬ್ಬ ಯುವ ಗಾಯಕ ದೊಡ್ಡ ಮೈದಾನದಲ್ಲಿ ಹಾಡಿದ ಕಾರ್ಯಕ್ರಮವನ್ನೇ ಸಿನಿಮಾ ಮಾಡಿದ್ದರು. ಒಂದು ಗಂಟೆ ಐವತ್ತು ನಿಮಿಷ, ಮಧ್ಯೆ ಇಂಟರ್ವಲ್ ಇಲ್ಲ. ಕ್ಯಾಂಟೀನ್ ವ್ಯಾಪಾರ ಹೋಯಿತೆಂದು ಚನ್ನಬಸಪ್ಪ ಗೊಣಗುತ್ತಿದ್ದರೂ ಟಿಕೆಟ್ಟೆಲ್ಲ ಶುಕ್ರವಾರವೇ ಮುಗಿದಿತ್ತು. ನಲ್ಲೂರು, ಸಂತೇಬೆನ್ನೂರು, ನ್ಯಾಮತಿ, ಹೊನ್ನಾಳಿ, ಎಲ್ಲ ಕಡೆಯಿಂದ ಕಾಲೇಜು ಮಕ್ಕಳು ಬಸ್ಸು ಹತ್ತಿ ಬಂದರು. ನನ್ನ ಮಗಳು ಸಿಂಚನಾ ಆಗ ಡಿಗ್ರಿ ಎರಡನೇ ವರ್ಷ. ಅವಳನ್ನೂ ಅವಳ ಗೆಳತಿ ಕವನಾಳನ್ನೂ ಬಿಡಲು ಹೋದವನು, ಎರಡು ಗಂಟೆ ಬಿಟ್ಟು ಮತ್ತೆ ಬರುವುದೇನು ಎಂದು ಚನ್ನಬಸಪ್ಪನವರನ್ನು ಕೇಳಿ ಒಂದು ಟಿಕೆಟ್ ಹಿಡಿದು ನಾನೂ ಕೂತೆ.

ಹಿಂದಿನ ದಿನದ ಷೋದಲ್ಲಿ ಹುಡುಗರು ಪರದೆಯ ಮುಂದೆ ನುಗ್ಗಿ ಕುಣಿದದ್ದನ್ನು ಕಂಡು ಚನ್ನಬಸಪ್ಪ ಒಂದು ವ್ಯವಸ್ಥೆ ಮಾಡಿದ್ದರು. ಬಾಲ್ಕನಿ ಪೂರ್ತಿ ಹೆಣ್ಣುಮಕ್ಕಳಿಗೆ. ಮೆಟ್ಟಿಲ ಬುಡದ ಕಬ್ಬಿಣದ ಎಳೆಗೇಟಿಗೆ ಷೋ ಶುರುವಾದ ಮೇಲೆ ಬೀಗ, ಗಂಡುಹುಡುಗರು ಮೇಲೆ ಹತ್ತದ ಹಾಗೆ. ಕೀಲಿ ಗೇಟ್‌ಕೀಪರ್ ಓಬಣ್ಣನ ಉಡಿದಾರದಲ್ಲಿ. ನಮ್ಮ ಕಡೆ ಯಾರೇ ಆದರೂ ಹೀಗೇ ಯೋಚಿಸುತ್ತಾರೆ. ಹೆಣ್ಣುಮಕ್ಕಳಿಗೆ ಭದ್ರತೆ ಎಂದರೆ ಮೊದಲು ಹೊಳೆಯುವುದು ಬೀಗವೇ. ಆ ಹೊತ್ತಿಗೆ ನನಗೂ ಅದು ಸರಿ ಎನಿಸಿ, ಚಲೋ ಮಾಡಿದಿರಿ ಎಂದು ಚನ್ನಬಸಪ್ಪನವರಿಗೆ ಹೇಳಿದ್ದೆ.

ನಾನು ಕೂತದ್ದು ಕೆಳಗೆ ಕೊನೆಯ ಸಾಲಿನಲ್ಲಿ, ಬಾಲ್ಕನಿಯ ಅಡಿಗೆ. ಹುಡುಗರೆಲ್ಲ ಮುಂದೆ ಹೋಗಿ ನಿಂತಿದ್ದರಿಂದ ನನ್ನ ಸುತ್ತ ಇದ್ದದ್ದು ನನ್ನಂಥ ಹತ್ತಾರು ಅಪ್ಪ ಅಮ್ಮಂದಿರು ಮಾತ್ರ. ಮೊದಲ ಹಾಡಿಗೇ ಮೊಬೈಲ್ ಲೈಟುಗಳು ಹೊತ್ತಿಕೊಂಡವು. ಗಾಯಕ ಪರದೆಯ ಮೇಲೆ ಮೈಕನ್ನು ಜನರ ಕಡೆ ಚಾಚಿದರೆ ಅಲ್ಲಿನ ಮೈದಾನದ ಜೊತೆ ಇಲ್ಲಿನ ಟಾಕೀಸೂ ಸಾಲು ಪೂರ್ತಿ ಮಾಡುತ್ತಿತ್ತು. ಎದುರಿಗಿರುವುದು ಬರೀ ಬಟ್ಟೆಯ ಪರದೆ ಎನ್ನುವುದನ್ನು ಎಲ್ಲರೂ ಮರೆತಿದ್ದರು. ಕಿವಿ ಮುಚ್ಚಿಕೊಂಡು ಸಿಡಿಮಿಡಿಗುಟ್ಟಿದರೂ, ಒಳಗೊಳಗೇ ನನಗೆ ಅದು ಹಿಡಿಸಿತು ಅನ್ನುವುದನ್ನು ಮುಚ್ಚಿಡುವುದಿಲ್ಲ. ಮನೆಯಲ್ಲಿ ನಾಲ್ಕು ಮಾತಾಡದ ನನ್ನ ಮಗಳೂ ಮೇಲೆ ಹೀಗೆ ಕೂಗುತ್ತಿರಬಹುದು ಎಂದುಕೊಂಡೆ.

ಐದನೆಯ ಹಾಡಿಗೆ ಗಾಯಕ ಎಲ್ಲರೂ ನೆಗೆಯಿರಿ ಎಂದು ಕೈ ಎತ್ತಿದ. ನನ್ನ ಕನ್ನಡಕದ ಮೇಲೆ ಹಿಟ್ಟಿನಂಥದ್ದೇನೋ ಬಿತ್ತು. ಒರೆಸಿಕೊಂಡೆ. ಮತ್ತೆ ಬಿತ್ತು. ಬೆರಳಲ್ಲಿ ಉಜ್ಜಿ ನೋಡಿದರೆ ಗಾರೆಯ ಪುಡಿ.

ತಲೆ ಎತ್ತಿ ಮೊಬೈಲಿನ ಬೆಳಕು ಬಿಟ್ಟೆ. ಬಾಲ್ಕನಿಯ ಅಡಿಗೆ ನೇತುಹಾಕಿದ ಟ್ಯೂಬ್‌ಲೈಟು ಅಲುಗಾಡುತ್ತಿತ್ತು. ಸ್ಲ್ಯಾಬು ಪಕ್ಕದ ಗೋಡೆಯನ್ನು ಮುಟ್ಟುವ ಕಡೆ ಒಂದು ಬಿರುಕು ಕೂದಲೆಳೆಯಷ್ಟು ತೆರೆದು ಮುಚ್ಚುತ್ತಿತ್ತು, ತೆರೆದು ಮುಚ್ಚುತ್ತಿತ್ತು, ಹಾಡಿನ ತಾಳಕ್ಕೆ ಸರಿಯಾಗಿ. ಗಡಿಯಾರ ನೋಡಿ ಎಣಿಸಿದೆ, ಸೆಕೆಂಡಿಗೆ ಎರಡು ನೆಗೆತ. ಒಟ್ಟಿಗೆ ನೆಗೆಯುವ ಜನರ ಭಾರ ಕೂತ ಜನರ ಭಾರಕ್ಕಿಂತ ಎಷ್ಟೋ ಹೆಚ್ಚು. ಸಾಲದ್ದಕ್ಕೆ, ಪ್ರತಿ ಸ್ಲ್ಯಾಬಿಗೂ ತನ್ನದೇ ಒಂದು ತೂಗಾಟ ಇರುತ್ತದೆ. ತೊಟ್ಟಿಲು ತನ್ನಷ್ಟಕ್ಕೆ ತೂಗುವ ಹೊತ್ತು ನೋಡಿ ತಳ್ಳಿದರೆ ಸಣ್ಣ ಕೈಗೂ ಅದು ಮೇಲೆ ಮೇಲೆ ಹೋಗುತ್ತದಲ್ಲ, ನೆಗೆತದ ತಾಳ ಸ್ಲ್ಯಾಬಿನ ತೂಗಾಟಕ್ಕೆ ಕೂಡಿಬಂದರೆ ಆಗುವುದೂ ಅದೇ. ಇದಕ್ಕೆ ರೆಸೊನೆನ್ಸ್ ಎಂದು ಹೆಸರು. ಕಾಲೇಜಿನಲ್ಲಿ ಓದಿದ್ದೆ, ತಲೆಯ ಮೇಲೆ ನಡೆಯುವುದನ್ನು ಕಂಡಿರಲಿಲ್ಲ.

ಹೊರಗಿನ ಕಬ್ಬಿಣದ ಏಣಿಮೆಟ್ಟಿಲು ಹತ್ತಿ ಪ್ರೊಜೆಕ್ಟರ್ ಕ್ಯಾಬಿನ್ನಿಗೆ ಓಡಿದೆ. ಕ್ಯಾಬಿನ್ ಬಾಲ್ಕನಿಯ ಹಿಂದೆ ಬೇರೆ ಕಂಬಗಳ ಮೇಲಿದೆ, ಅಲ್ಲಿಂದ ಬಾಲ್ಕನಿಗೆ ಬಾಗಿಲಿಲ್ಲ. ಆಪರೇಟರ್ ತಿಪ್ಪೇಸ್ವಾಮಿ, ರೀಲಿನ ಕಾಲದಿಂದ ಅಲ್ಲೇ ಇರುವ ಮನುಷ್ಯ, ನನ್ನ ಮುಖ ನೋಡಿ ಎದ್ದು ನಿಂತ. ಬಾಲ್ಕನಿ ಅಲುಗಾಡುತ್ತಿದೆ, ಸಿನಿಮಾ ನಿಲ್ಲಿಸು ಎಂದೆ. ಅವನು ಏನೋ ಹೇಳಲು ಬಾಯಿ ತೆರೆದ. ನಿಲ್ಲಿಸು ಎಂದು ಗದರಿದೆ. ಅವನು ನಿಲ್ಲಿಸಿದ.

ನಾನು ಮಾಡಿದ ಎರಡನೆಯ ತಪ್ಪು ಇದು. ನಮ್ಮ ಊರುಗಳ ಟಾಕೀಸಿನಲ್ಲಿ ಸಿನಿಮಾ ನಡುವೆ ನಿಂತರೆ ಜನ ಏನು ಮಾಡುತ್ತಾರೆ ಎಂದು ಚಿಕ್ಕಂದಿನಿಂದ ನೋಡಿದ್ದೇನೆ, ನಾನೂ ಮಾಡಿದ್ದೇನೆ. ಸಿಳ್ಳೆ ಹೊಡೆಯುತ್ತಾರೆ, ನೆಲಕ್ಕೆ ಕಾಲು ಬಡಿಯುತ್ತಾರೆ. ನೂರೈವತ್ತು ಹೆಣ್ಣುಮಕ್ಕಳು ಒಂದೇ ತಾಳಕ್ಕೆ ಧಡ್ ಧಡ್ ಎಂದು ಕಾಲು ಬಡಿಯತೊಡಗಿದರು. ಕ್ಯಾಬಿನ್ನಿನ ಕಿಂಡಿಯಿಂದ ನೋಡಿದರೆ ಬಾಲ್ಕನಿಯ ಮುಂದಿನ ಕಂಬಿ ಪರದೆಯ ಅಂಚಿನ ಎದುರು ಮೇಲೆ ಕೆಳಗೆ ಆಗುತ್ತಿತ್ತು. ಬರಿಗಣ್ಣಿಗೆ ಕಾಣುವಷ್ಟು.

"ಅದನ್ನೇ ಹೇಳಾಕೆ ಬಂದೆ ಸಾರ್, ನಿಲ್ಲಿಸಿದ್ರೆ ಜಾಸ್ತಿ ಬಡೀತಾರೆ," ಎಂದು ತಿಪ್ಪೇಸ್ವಾಮಿ ಕೇಳದೆಯೇ ಸಿನಿಮಾ ಮತ್ತೆ ಬಿಟ್ಟ. ಹಾಡು ಮುಂದುವರಿಯಿತು, ನೆಗೆತವೂ.

ಮೈಕ್ ಹಿಡಿದು ಬಾಲ್ಕನಿ ಬೀಳುತ್ತದೆ ಎಂದು ಹೇಳಬಹುದಿತ್ತು. ಹೇಳಿದರೆ ಅಷ್ಟೂ ಮಕ್ಕಳು ಒಂದೇ ಮೆಟ್ಟಿಲಿಗೆ ನುಗ್ಗುತ್ತಾರೆ, ಕೆಳಗೆ ಗೇಟಿಗೆ ಬೀಗ. ಚನ್ನಬಸಪ್ಪನವರಿಗೆ ಫೋನ್ ಮಾಡಿ ಗೇಟು ತೆಗೆಸಿ ಎಂದೆ. ಓಬಣ್ಣ ಇಲ್ಲ ಎಂದರು. ಇಂಟರ್ವಲ್ ಇಲ್ಲದ ಸಿನಿಮಾ, ಎರಡು ಗಂಟೆ ತನಗೇನು ಕೆಲಸ ಎಂದು ಅವನು ಕೀಲಿ ಸಮೇತ ಬಸ್ ಸ್ಟ್ಯಾಂಡಿಗೆ ಮಿರ್ಚಿ ಮಂಡಕ್ಕಿ ತಿನ್ನಲು ಹೋಗಿದ್ದ. ಹುಡುಕಿಸುತ್ತೇನೆ ಎಂದು ಅವರು ತಾವೇ ಓಡಿದರು.

ಕಾಯುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ಕಿಂಡಿಯಲ್ಲಿ ಕಣ್ಣಿಟ್ಟೆ. ಮುಂದಿನಿಂದ ಎರಡನೆಯ ಸಾಲಿನಲ್ಲಿ, ಚಾಚಿದ ಭಾಗದ ತುದಿಯಲ್ಲಿ, ಹಳದಿ ದುಪಟ್ಟಾ ಸೊಂಟಕ್ಕೆ ಬಿಗಿದು ನನ್ನ ಮಗಳು ನೆಗೆಯುತ್ತಿದ್ದಳು. ಆಗ ನಾನೊಂದು ಕೆಲಸ ಮಾಡಿದೆ. ಫೋನ್ ತೆಗೆದು ಅವಳ ನಂಬರಿಗೆ ಕರೆ ಮಾಡಿದೆ. ಹಿಂದಕ್ಕೆ ಬಾ, ಗೋಡೆಯ ಹತ್ತಿರ ಬಂದು ನಿಲ್ಲು, ಇಷ್ಟೇ ಹೇಳಬೇಕಿತ್ತು. ರಿಂಗಾಗಿ ರಿಂಗಾಗಿ ನಿಂತಿತು. ಅವಳಿಗೆ ಕೇಳಿಸಲಿಲ್ಲ.

ತಿಪ್ಪೇಸ್ವಾಮಿ ನನ್ನನ್ನು ನೋಡುತ್ತಿದ್ದ. ಯಾರಿಗೆ ಮಾಡಿದೆ ಎಂದು ಅವನಿಗೆ ತಿಳಿಯಿತು ಅಂತ ಕಾಣುತ್ತದೆ. ಮೆಲ್ಲಗೆ ಕೇಳಿದ.

"ಸಾರ್, ಇಂಟರ್ವಲ್ ಬಿಡಾನಾ?"

ಇದಕ್ಕೆ ಇಂಟರ್ವಲ್ ಎಲ್ಲಿದೆಯೋ ಎಂದೆ.

"ಸಿನಿಮಾದಾಗೆ ಇಲ್ಲ ಸಾರ್, ನಮ್ಮ ಹತ್ರ ಐತೆ. ವಿಶ್ರಾಂತಿ ಅಂತ ಬೋರ್ಡ್ ಹಾಕಿ, ಲೈಟ್ ಬಿಟ್ಟು, ಗಂಟೆ ಬಾರಿಸಿದ್ರೆ ಯಾರೂ ಕಾಲು ಬಡಿಯಾಕಿಲ್ಲ. ಎದ್ದು ಹೊರಗೆ ಹೋಗ್ತಾರೆ. ಗೇಟು ಒಂದು ತೆಗೆದಿರ್ಬೇಕು ಅಷ್ಟೇ."

ನನ್ನ ಮೂವತ್ತೆರಡು ವರ್ಷದ ಸರ್ವೀಸಿನಲ್ಲಿ ಇಷ್ಟು ಸರಳವಾದ ಉಪಾಯವನ್ನು ಯಾವ ಮೀಟಿಂಗಿನಲ್ಲೂ ಕೇಳಿರಲಿಲ್ಲ. ಅವನು ಬೋರ್ಡಿನ ಚಿತ್ರವನ್ನು ಸಿದ್ಧಮಾಡಿಟ್ಟು ಕೈ ಕಟ್ಟಿ ನಿಂತ. ಗೇಟು ತೆರೆದ ಸುದ್ದಿ ಬರುವ ತನಕ ಹಾಕುವ ಹಾಗಿಲ್ಲ. ಐದನೆಯ ಹಾಡು ಮುಗಿದು ಆರನೆಯದು ಶುರುವಾಯಿತು, ಅದೂ ನೆಗೆತದ್ದೇ. ಏಳು ನಿಮಿಷ. ಕ್ಯಾಬಿನ್ನಿನ ಟೇಬಲ್ ಮೇಲಿದ್ದ ಅವನ ಚಹಾದ ಲೋಟದಲ್ಲಿ ಚಹಾ ನಡುಗುತ್ತಿತ್ತು. ನಾನು ಅದನ್ನೇ ನೋಡುತ್ತ ನಿಂತಿದ್ದೆ, ಬಾಲ್ಕನಿ ನೋಡುವ ಧೈರ್ಯವಾಗಲಿಲ್ಲ. ಮನೆದೇವರ ಹೆಸರು ಎಷ್ಟು ಸಲ ಹೇಳಿಕೊಂಡೆನೋ ಗೊತ್ತಿಲ್ಲ.

ಫೋನ್ ಬಂತು. ಓಬಣ್ಣ ಸಿಕ್ಕ, ಗೇಟು ತೆರೆಯಿತು. ತಿಪ್ಪೇಸ್ವಾಮಿ ಹಾಡಿನ ಕೊನೆಯ ಸಾಲಿಗೆ ಕಾದು, ಸರಿಯಾಗಿ ಚಪ್ಪಾಳೆಯ ಹೊತ್ತಿಗೆ ಬೋರ್ಡ್ ಹಾಕಿದ. ಲೈಟು ಹೊತ್ತಿದವು. ಹೊರಗೆ ಓಬಣ್ಣ ಗಂಟೆ ಬಾರಿಸಿದ, ದಿನಾ ಬಾರಿಸುವ ಹಾಗೆಯೇ ನಿಧಾನಕ್ಕೆ. ಒಂದು ಗಳಿಗೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಬೆವರು ಒರೆಸಿಕೊಳ್ಳುತ್ತ, ನಗುತ್ತ, ನೀರು ಕುಡಿಯೋಣ ಬಾರೆ ಎನ್ನುತ್ತ ಸಾಲು ಸಾಲಾಗಿ ಮೆಟ್ಟಿಲಿಳಿದರು. ಕೆಳಗಿನ ಅಪ್ಪ ಅಮ್ಮಂದಿರೂ ಎದ್ದು ಹೊರಗೆ ಬಂದರು. ಯಾರೂ ಯಾರನ್ನೂ ತಳ್ಳಲಿಲ್ಲ. ಕ್ಯಾಂಟೀನಿನಲ್ಲಿ ಏನೂ ಮಾಡಿಲ್ಲವೆಂದು ಬೈದವರೇ ಹೆಚ್ಚು.

ನಾನು ಗೇಟಿನ ಪಕ್ಕ ನಿಂತು ಪ್ರತಿ ಮುಖವನ್ನೂ ನೋಡಿದೆ. ಹಳದಿ ದುಪಟ್ಟಾ ಬರಲಿಲ್ಲ. ಮೇಲೆ ಹತ್ತಿದೆ. ಖಾಲಿ ಬಾಲ್ಕನಿಯ ಎರಡನೆಯ ಸಾಲಿನಲ್ಲಿ ಸಿಂಚನಾ ಒಬ್ಬಳೇ, ಅಕ್ಕಪಕ್ಕದ ಸೀಟುಗಳ ಮೇಲೆ ದುಪಟ್ಟಾ ಹಾಸಿ, ಗೆಳತಿಯರಿಗೆ ಸೀಟು ಹಿಡಿದು ಕೂತಿದ್ದಳು. ಕೆಳಗೆ ಬಾ ಎಂದರೆ, "ಸೀಟು ಹೋಗ್ತಾವೆ ಅಪ್ಪಾಜಿ," ಎಂದಳು. ನಾನು ಆ ಸ್ಲ್ಯಾಬಿನ ಮೇಲೆ ಹೆಜ್ಜೆ ಇಟ್ಟು ನಡೆದುಹೋಗಿ ಅವಳ ಕೈ ಹಿಡಿದೆ. ಕೈ ಯಾಕೆ ಇಷ್ಟು ತಣ್ಣಗಿದೆ ಎಂದು ಅವಳು ಕೇಳಿದಳು.

ಬಾಲ್ಕನಿಗೆ ಆಗಲೇ ಬೀಗ ಹಾಕಿಸಿ, ಅದರ ಅಡಿಯ ಸಾಲುಗಳಿಗೆ ಹಗ್ಗ ಕಟ್ಟಿಸಿದೆ. ಮುಂದಿನ ಸೀಟುಗಳನ್ನು ಹುಡುಗರು ತಾವಾಗಿಯೇ ಹೆಣ್ಣುಮಕ್ಕಳಿಗೆ ಬಿಟ್ಟುಕೊಟ್ಟು ಗೋಡೆಗೆ ಒರಗಿ ನಿಂತರು, ಉಳಿದ ಹಾಡುಗಳು ಹಾಗೇ ನಡೆದವು. ಮರುದಿನ ಮ್ಯಾಟ್ ಎತ್ತಿಸಿದರೆ ಅಡಿಗೆ ಹನ್ನೊಂದು ಅಡಿ ಉದ್ದದ ಬಿರುಕು. ನೆಲ ತೊಳೆದ ನೀರು ವರ್ಷಗಟ್ಟಲೆ ಇಳಿದು ಒಳಗಿನ ಕಬ್ಬಿಣ ತುಕ್ಕು ಹಿಡಿದು ಪುಡಿಯಾಗಿತ್ತು. ನನ್ನ ಸರ್ಟಿಫಿಕೇಟ್ ತಪ್ಪು ಎಂದು ನಾನೇ ವರದಿ ಬರೆದೆ. ಮೆಮೋ ಬಂತು, ತೆಗೆದುಕೊಂಡೆ. ಈಗ ಆ ಬಾಲ್ಕನಿಯನ್ನು ಒಡೆದು ಹಾಕಿದ್ದಾರೆ.

ಮೂರು ದಿನದ ಮೇಲೆ ಸಿಂಚನಾ ಫೋನ್ ಹಿಡಿದುಕೊಂಡು ಬಂದಳು. ಭಾನುವಾರ ಮೂರು ಇಪ್ಪತ್ತಕ್ಕೆ ನಿಮ್ಮ ಮಿಸ್ಡ್ ಕಾಲ್ ಐತಲ್ಲ, ಯಾಕೆ ಮಾಡಿದ್ರಿ ಎಂದು ಕೇಳಿದಳು. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದೆ.

"ನಾನು ಎತ್ತಿದ್ರೆ ಒಬ್ಬಳೇ ಬರ್ತಿರ್ಲಿಲ್ಲ ಅಪ್ಪಾಜಿ. ಕವನನ್ನ ಎಳ್ಕೊಂಡು ಓಡ್ತಿದ್ದೆ. ಅವಳು ಕಿರುಚ್ತಿದ್ಲು."

ಕಿರುಚಿದ್ದರೆ ಎಲ್ಲರೂ ಓಡುತ್ತಿದ್ದರು. ಆಗ ಗೇಟಿಗೆ ಬೀಗ ಇತ್ತು.

ನಿವೃತ್ತನಾದ ಮೇಲೆ ಮದುವೆ ಮಂಟಪಕ್ಕೆ ಹೋದರೂ ನಾನು ಮೊದಲು ಕೇಳುವುದು ಬಾಗಿಲ ಕೀಲಿ ಯಾರ ಹತ್ತಿರ ಇದೆ ಎಂದು, ಮನೆಯವರು ನಗುತ್ತಾರೆ. ಕಿರಿಯ ಎಂಜಿನಿಯರುಗಳು ಸಿಕ್ಕರೆ, ಖಾಲಿ ಹಾಲ್ ನೋಡಿ ಸಹಿ ಹಾಕಬೇಡಿ, ಒಮ್ಮೆ ಜನ ತುಂಬಿದಾಗ ಹೋಗಿ ನೋಡಿ, ಅಲ್ಲಿ ಕೆಲಸ ಮಾಡುವವರನ್ನು ಕೇಳಿ, ಮ್ಯಾಟ್ ಎತ್ತಿಸಿ ಎನ್ನುತ್ತೇನೆ. ಒಂದನ್ನು ಮಾತ್ರ ಅವರಿಗೆ ಹೇಳಿಲ್ಲ, ಇಲ್ಲಿ ಬರೆಯುತ್ತಿದ್ದೇನೆ. ಆ ದಿನ ನೂರೈವತ್ತು ಮಕ್ಕಳು ಉಳಿದದ್ದು ನನ್ನ ಎಂಜಿನಿಯರಿಂಗಿನಿಂದ ಅಲ್ಲ. ತಿಪ್ಪೇಸ್ವಾಮಿಯಿಂದ, ಮತ್ತು ನನ್ನ ಮಗಳು ನನ್ನ ಫೋನ್ ಎತ್ತದೆ ಹೋದದ್ದರಿಂದ.